ಒಂದು ಬದಿಗೆ ಎಳೆಯುವ ಬಗ್ಗಿ: ದೋಷವನ್ನು ಪತ್ತೆಹಚ್ಚುವ ಕ್ರಮ

ರೇಡಿಯೋ ನಿಯಂತ್ರಿತ ಆಫ್-ರೋಡ್ ಬಗ್ಗಿಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುವ, ಆದರೆ ಹೆಚ್ಚಿನವರು ತಪ್ಪು ಜಾಗದಲ್ಲಿ ಹುಡುಕುವ ದೋಷ ಒಂದಿದೆ. ನೇರ ದಾರಿಯಲ್ಲಿ ಥ್ರಾಟಲ್ ಒತ್ತಿದೊಡನೆ ಗಾಡಿ ಒಂದು ಬದಿಗೆ ಎಳೆಯುತ್ತದೆ. ಇಲ್ಲವೇ ಬಲ ತಿರುವನ್ನು ಸಲೀಸಾಗಿ ತೆಗೆದುಕೊಳ್ಳುವ ಅದೇ ಗಾಡಿ ಎಡ ತಿರುವಿನಲ್ಲಿ ಹೊರಕ್ಕೆ ಜಾರುತ್ತದೆ. ಕೂಡಲೇ ಟ್ರಿಮ್ (ಚಕ್ರಗಳ ನೇರ ಸ್ಥಾನವನ್ನು ತಿದ್ದುವ ಟ್ರಾನ್ಸ್‌ಮಿಟರಿನ ಗುಂಡಿ) ತಿರುಗಿಸುವುದು, ಅದು ಸಾಲದಿದ್ದರೆ ಶಾಕ್ ಅಬ್ಸಾರ್ಬರಿನ (ಶಾಕ್) ಎಣ್ಣೆ ಬದಲಿಸುವುದು, ಕೊನೆಗೆ ಹೊಸ ಟೈರು ಕೊಳ್ಳುವುದು ವಾಡಿಕೆಯಾಗಿಬಿಟ್ಟಿದೆ. ಇವು ಯಾವುವೂ ಈ ದೋಷದ ಮೂಲವನ್ನು ಮುಟ್ಟುವುದಿಲ್ಲ. ಈ ಬರಹವು ನಿಜವಾದ ಗಾಡಿಯ ಹತ್ತನೇ ಒಂದರಷ್ಟು (1/10) ಅಳತೆಯ, ಹಿಂಚಕ್ರ ಚಾಲನೆಯ ವಿದ್ಯುತ್ ಬಗ್ಗಿಯನ್ನು ಮುಂದಿಟ್ಟುಕೊಂಡು ಆ ಮೂಲವನ್ನು ಹುಡುಕುವ ಕ್ರಮವನ್ನು ವಿವರಿಸುತ್ತದೆ. ನಾಲ್ಕು ಚಕ್ರ ಚಾಲನೆಯ ಗಾಡಿಗೂ 1/8 ಅಳತೆಯ ಗಾಡಿಗೂ ಇದರ ಬಹುಭಾಗ ಅನ್ವಯಿಸುತ್ತದೆ.

ಮೊದಲು ಒಂದು ವಿಭಜನೆಯನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಗಾಡಿಯ ವರ್ತನೆ ಎಡಕ್ಕೂ ಬಲಕ್ಕೂ ಒಂದೇ ರೀತಿ ಕೆಟ್ಟದಾಗಿದ್ದರೆ ಅದು ಸೆಟಪ್‌ಗೆ (ಗಾಡಿಯ ಹೊಂದಾಣಿಕೆಗೆ) ಸೇರಿದ ವಿಷಯ. ಸ್ಪ್ರಿಂಗ್, ಎಣ್ಣೆ, ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ), ಟೈರುಗಳಲ್ಲಿ ಅದಕ್ಕೆ ಉತ್ತರವಿದೆ. ಎಡಕ್ಕೊಂದು ಬಲಕ್ಕೊಂದು ರೀತಿಯಾಗಿದ್ದರೆ ಅದು ದೋಷ. ಎಲ್ಲೋ ಒಂದು ಭಾಗ ಬಾಗಿದೆ, ಸವೆದಿದೆ, ಬಿಗಿಯಾಗಿದೆ ಅಥವಾ ತಪ್ಪು ಬದಿಯಲ್ಲಿ ಕೂತಿದೆ. ದೋಷವಿರುವ ಗಾಡಿಯ ಮೇಲೆ ಸೆಟಪ್ ಮಾಡಿದರೆ ಒಂದು ತಪ್ಪನ್ನು ಇನ್ನೊಂದು ತಪ್ಪಿನಿಂದ ಮುಚ್ಚಿದಂತಾಗುತ್ತದೆ. ಆಮೇಲೆ ನಿಜವಾದ ಕಾರಣ ಸಿಕ್ಕಿ ಅದನ್ನು ಸರಿಪಡಿಸಿದ ದಿನ, ಮುಚ್ಚಲು ಮಾಡಿದ ಬದಲಾವಣೆಗಳೇ ಹೊಸ ದೋಷಗಳಾಗಿ ಎದ್ದು ನಿಲ್ಲುತ್ತವೆ.

ಎಳೆತ ಯಾವ ಹೊತ್ತಿನಲ್ಲಿ ಬರುತ್ತದೆ

ಉಪಕರಣ ಕೈಗೆತ್ತಿಕೊಳ್ಳುವ ಮುನ್ನ ಎಳೆತ ಬರುವ ಸಂದರ್ಭವನ್ನು ಗುರುತಿಸಬೇಕು. ಸಮತಟ್ಟಾದ, ಧೂಳು ಗುಡಿಸಿದ ಕಾಂಕ್ರೀಟು ಅಥವಾ ಡಾಂಬರು ನೆಲದ ಮೇಲೆ ಹತ್ತಿಪ್ಪತ್ತು ಮೀಟರಿನ ನೇರ ಗೆರೆ ಸಿಕ್ಕರೆ ಸಾಕು. ಗರಸು ಮಣ್ಣಿನ ಟ್ರ್ಯಾಕಿನಲ್ಲಿ ಈ ಪರೀಕ್ಷೆ ಮಾಡಬಾರದು, ಏಕೆಂದರೆ ಅಲ್ಲಿನ ಒಂದು ಸಣ್ಣ ಕಲ್ಲೇ ತೀರ್ಪನ್ನು ಬದಲಿಸಬಲ್ಲದು. ಗಾಡಿಯನ್ನು ಒಂದೇ ಗೆರೆಯಲ್ಲಿ ಹೋಗುವಾಗಲೂ ಬರುವಾಗಲೂ ಓಡಿಸಿ. ಎರಡೂ ಸಲ ಗಾಡಿಯ ಅದೇ ಬದಿಗೆ ಎಳೆದರೆ ಕಾರಣ ಗಾಡಿಯಲ್ಲಿದೆ. ಎರಡೂ ಸಲ ನೆಲದ ಅದೇ ಬದಿಗೆ ಹೋದರೆ ನೆಲ ವಾಲಿದೆ.

ಥ್ರಾಟಲ್ ಬಿಟ್ಟು ತೇಲಿಸಿದಾಗಲೂ ಗಾಡಿ ಎಳೆಯುತ್ತಿದ್ದರೆ ಸ್ಟೀರಿಂಗ್ ಅಥವಾ ಉಜ್ಜುತ್ತಿರುವ ಒಂದು ಚಕ್ರದತ್ತ ನೋಡಬೇಕು. ತೇಲುವಾಗ ನೆಟ್ಟಗಿದ್ದು ಥ್ರಾಟಲ್ ಒತ್ತಿದಾಗ ಮಾತ್ರ ಎಳೆದರೆ ಹಿಂಬದಿಯ ಟೋ-ಇನ್ (ಮೇಲಿನಿಂದ ನೋಡಿದಾಗ ಚಕ್ರದ ಮುಂದಿನ ಅಂಚು ಒಳಕ್ಕೆ ತಿರುಗಿರುವ ಕೋನ), ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಜೋಡಣೆ), ಟೈರುಗಳ ಗಾತ್ರ ಮತ್ತು ಚಕ್ರಗಳ ಮೇಲೆ ಬೀಳುವ ಭಾರದ ಹಂಚಿಕೆ, ಈ ನಾಲ್ಕರಲ್ಲಿ ಒಂದು ಕಾರಣವಾಗಿರುತ್ತದೆ. ಹಿಂಚಕ್ರ ಚಾಲನೆಯ ಗಾಡಿಯಲ್ಲಿ ಬ್ರೇಕು ಕೂಡ ಹಿಂದಿನ ಚಕ್ರಗಳಿಗೇ ಬೀಳುವುದರಿಂದ, ಬ್ರೇಕಿನಲ್ಲಿ ಬರುವ ಎಳೆತಕ್ಕೂ ಹುಡುಕಾಟ ಅಲ್ಲಿಂದಲೇ ಆರಂಭವಾಗಬೇಕು. ನೇರದಲ್ಲಿ ಎಲ್ಲವೂ ಸರಿಯಿದ್ದು ಉಬ್ಬುತಗ್ಗುಗಳ ಮೇಲೆ ಮಾತ್ರ ಮೂತಿ ಅತ್ತಿತ್ತ ತಿರುಗಿದರೆ ಶಾಕ್‌ಗಳನ್ನೂ, ಸ್ಟೀರಿಂಗ್ ಕಡ್ಡಿಗಳ ಬಾಲ್ ಸ್ಟಡ್ (ಕಡ್ಡಿಯ ತುದಿ ಸಿಕ್ಕಿಸುವ ಗುಂಡು ತಲೆಯ ಸ್ಕ್ರೂ) ಕೆಳಗಿನ ವಾಷರುಗಳನ್ನೂ ಅನುಮಾನಿಸಬೇಕು. ಒಂದು ಬದಿಗೆ ಒಂದು ಮಿಲಿಮೀಟರ್ ವಾಷರು ಹೆಚ್ಚಾದರೂ ಆರ್ಮ್ (ಚಕ್ರವನ್ನು ಹೊತ್ತು ಮೇಲೆ ಕೆಳಗೆ ಆಡುವ ತೋಳು) ಮೇಲೇರುವಾಗ ಆ ಬದಿಯ ಚಕ್ರ ತಾನಾಗಿ ತಿರುಗುತ್ತದೆ.

ಸ್ಟೀರಿಂಗ್: ಟ್ರಿಮ್ ಮರೆಮಾಚುವ ದೋಷಗಳು

ಟ್ರಾನ್ಸ್‌ಮಿಟರಿನ ಟ್ರಿಮ್ ಮತ್ತು ಸಬ್-ಟ್ರಿಮ್ (ಇನ್ನೂ ಸೂಕ್ಷ್ಮವಾಗಿ ತಿದ್ದುವ ಟ್ರಿಮ್) ಎರಡನ್ನೂ ಸೊನ್ನೆಗೆ ತಂದು, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಚಕ್ರಗಳು ನೆಲಕ್ಕೆ ತಾಗದಂತೆ ಇಟ್ಟು, ಮೊದಲು ಟ್ರಾನ್ಸ್‌ಮಿಟರನ್ನೂ ಆಮೇಲೆ ಗಾಡಿಯನ್ನೂ ಚಾಲೂ ಮಾಡಿ. ಸರ್ವೋದ (ಸ್ಟೀರಿಂಗ್ ತಿರುಗಿಸುವ ಸಣ್ಣ ಮೋಟಾರು ಪೆಟ್ಟಿಗೆ) ಹಾರ್ನ್ (ಅದರ ಶಾಫ್ಟಿಗೆ ಕೂರಿಸಿದ ಪುಟ್ಟ ತೋಳು) ಈಗ ತನ್ನ ಕಡ್ಡಿಗೆ ತೊಂಬತ್ತು ಡಿಗ್ರಿಯಲ್ಲಿ ಇರಬೇಕು. ಇಲ್ಲದಿದ್ದರೆ ಹಾರ್ನನ್ನು ಕಳಚಿ ಒಂದು ಹಲ್ಲು ಅತ್ತಿತ್ತ ಕೂರಿಸಿ, ಉಳಿದ ಅಲ್ಪ ವ್ಯತ್ಯಾಸಕ್ಕೆ ಮಾತ್ರ ಸಬ್-ಟ್ರಿಮ್ ಬಳಸಿ. ಹಾರ್ನಿನ ಒಳಹಲ್ಲುಗಳ ಸಂಖ್ಯೆ ಸರ್ವೋಕ್ಕೆ ಸರಿಹೊಂದಬೇಕು: ಫುಟಾಬಾ ಮತ್ತು ಸಾವಾಕ್ಸ್ ಸರ್ವೋಗಳಿಗೆ 25, ಹೈಟೆಕ್‌ನ ಹಲವು ಸರ್ವೋಗಳಿಗೆ 24, ಸಾನ್ವಾ ಮತ್ತು ಕೆಒಗಳಿಗೆ 23 ಹಲ್ಲುಗಳು ರೂಢಿಯಲ್ಲಿವೆ. 25 ಹಲ್ಲಿನ ಹಾರ್ನು 24 ಹಲ್ಲಿನ ಸರ್ವೋದ ಮೇಲೆ ಒತ್ತಿದರೆ ಕೂತಂತೆ ಕಾಣುತ್ತದೆ, ಮೊದಲ ಜೋರಾದ ಡಿಕ್ಕಿಯಲ್ಲೇ ಜಾರಿ ಕೇಂದ್ರ ತಪ್ಪುತ್ತದೆ.

ಬಳಿಕ ಎಡ ಮತ್ತು ಬಲ ಸ್ಟೀರಿಂಗ್ ಕಡ್ಡಿಗಳನ್ನು ಕಳಚಿ ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು ಸಮ ಮಾಡಿ. ಇಲ್ಲಿ ಕಣ್ಣಂದಾಜು ಸಾಲದು. ಕಡ್ಡಿಗಳ ಉದ್ದ ಅಸಮವಾಗಿದ್ದರೂ ಟ್ರಿಮ್ ತಿರುಗಿಸಿ ಗಾಡಿಯನ್ನು ನೇರ ಓಡಿಸಬಹುದು ಎಂಬುದೇ ಈ ದೋಷ ಬಹುಕಾಲ ಅಡಗಿಕೊಂಡಿರಲು ಕಾರಣ. ನೇರ ಓಟ ಸಿಕ್ಕರೂ ಸರ್ವೋ ತನ್ನ ಕೇಂದ್ರದಿಂದ ಸರಿದಿರುವುದರಿಂದ ಒಂದು ಬದಿಗೆ ಚಕ್ರ ಹೆಚ್ಚು ತಿರುಗುತ್ತದೆ, ಇನ್ನೊಂದು ಬದಿಗೆ ಕಡಿಮೆ. ಚಾಲಕ ಅದನ್ನು ಎಡ ತಿರುವಿನ ಹಿಡಿತದ ಕೊರತೆ ಎಂದು ತಿಳಿದು ಮುಂದಿನ ಟೈರು ಬದಲಿಸುತ್ತಾನೆ. ಕಡ್ಡಿಗಳು ಸಮವಾದ ಮೇಲೆ ಎಂಡ್ ಪಾಯಿಂಟ್‌ಗಳನ್ನು (ಸರ್ವೋ ತಿರುಗುವ ಮಿತಿ) ಎರಡೂ ಬದಿಗೆ ಬೇರೆ ಬೇರೆಯಾಗಿ ಹೊಂದಿಸಿ, ಚಕ್ರ ತನ್ನ ಕೊನೆಯ ಮಿತಿಗೆ ತಾಗಿದ ಮೇಲೂ ಸರ್ವೋ ಗುಂಯ್ಗುಟ್ಟುತ್ತಾ ಒತ್ತದಂತೆ ನೋಡಿಕೊಳ್ಳಿ.

ಕೇಂದ್ರಕ್ಕೆ ಮರಳುವ ಪರೀಕ್ಷೆಯನ್ನು ಬಿಡಬಾರದು. ಗಾಡಿಯನ್ನು ನೆಲದ ಮೇಲಿಟ್ಟು ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ಬಿಡಿ, ಒಂದೆರಡು ಮೀಟರು ಮೆಲ್ಲಗೆ ಓಡಿಸಿ. ಆಮೇಲೆ ಪೂರ್ತಿ ಬಲಕ್ಕೆ ತಿರುಗಿಸಿ ಬಿಟ್ಟು ಹಾಗೆಯೇ ಓಡಿಸಿ. ಎಡದಿಂದ ಮರಳಿದಾಗ ಎಡಕ್ಕೂ ಬಲದಿಂದ ಮರಳಿದಾಗ ಬಲಕ್ಕೂ ಗಾಡಿ ಸ್ವಲ್ಪ ವಾಲಿದರೆ ಯಾವ ಟ್ರಿಮ್ಮೂ ಅದನ್ನು ಸರಿಪಡಿಸದು. ಸವೆದ ಬಾಲ್ ಕಪ್ (ಬಾಲ್ ಸ್ಟಡ್ಡಿನ ಗುಂಡನ್ನು ಹಿಡಿಯುವ ಬಟ್ಟಲು), ಸರ್ವೋದ ಚಲನೆಯನ್ನು ಕಡ್ಡಿಗಳಿಗೆ ಮುಟ್ಟಿಸುವ ಬೆಲ್‌ಕ್ರ್ಯಾಂಕಿನ ಬೇರಿಂಗಿನಲ್ಲಿ ಸೇರಿದ ಮಣ್ಣು, ಡಿಕ್ಕಿಯ ಪೆಟ್ಟಿನಿಂದ ಸರ್ವೋವನ್ನು ಕಾಯುವ ಸರ್ವೋ ಸೇವರಿನ ಸಡಿಲವಾದ ಸ್ಪ್ರಿಂಗ್, ಅಥವಾ ಸರ್ವೋದೊಳಗಿನ ಸವೆತ ಇದಕ್ಕೆ ಕಾರಣ. ಹಾರ್ನಿನಿಂದ ಕಡ್ಡಿಯನ್ನು ಬಿಡಿಸಿ ಮುಂದಿನ ಚಕ್ರಗಳನ್ನು ಕೈಯಿಂದ ಅಲ್ಲಾಡಿಸಿದರೆ ಬಿಗಿತ ಯಾಂತ್ರಿಕ ಭಾಗದಲ್ಲಿದೆಯೋ ಸರ್ವೋದಲ್ಲಿದೆಯೋ ತಿಳಿಯುತ್ತದೆ.

ತೇಲುವಾಗಿನ ಎಳೆತಕ್ಕೆ ಉಳಿದ ಕಾರಣವೆಂದರೆ ಬೇರಿಂಗ್. ಮುಂದಿನ ಚಕ್ರಗಳನ್ನು ಒಂದೇ ಬಲದಿಂದ ತಿರುಗಿಸಿ ಬಿಟ್ಟು ಯಾವುದು ಬೇಗ ನಿಲ್ಲುತ್ತದೆ ನೋಡಿ. ಹಿಂದಿನವುಗಳನ್ನು ಡ್ರೈವ್ ಶಾಫ್ಟ್ ಬಿಡಿಸಿಯೇ ತಿರುಗಿಸಬೇಕು. ನಮ್ಮ ಕೆಂಪು ಮಣ್ಣಿನ ನುಣುಪು ಧೂಳು ಬೇರಿಂಗಿನ ಅಂಚಿನೊಳಗೆ ಸುಲಭವಾಗಿ ಇಳಿಯುತ್ತದೆ. ಅದರಲ್ಲೂ ಒದ್ದೆ ಟ್ರ್ಯಾಕಿನಲ್ಲಿ ಓಡಿಸಿ ಹಾಗೇ ಒಣಗಲು ಬಿಟ್ಟ ಗಾಡಿಯಲ್ಲಿ ಒಂದೆರಡು ಬೇರಿಂಗ್ ಕರಕರ ಎನ್ನದಿದ್ದರೆ ಆಶ್ಚರ್ಯ.

ಥ್ರಾಟಲ್ ಒತ್ತಿದಾಗ ಮಾತ್ರ ಎಳೆದರೆ

ಹಿಂಚಕ್ರ ಚಾಲನೆಯ ಬಗ್ಗಿಗಳಲ್ಲಿ ಹಿಂದಿನ ಚಕ್ರಗಳಿಗೆ ತಲಾ ಸುಮಾರು 3 ಡಿಗ್ರಿ ಟೋ-ಇನ್ ಇರುವುದು ಸಾಮಾನ್ಯ. ಎಡಚಕ್ರದ ಟೋ-ಇನ್ 3 ಡಿಗ್ರಿ, ಬಲಚಕ್ರದ್ದು 2 ಡಿಗ್ರಿ ಎಂದಾದರೆ ಎರಡರ ಒಟ್ಟು ನೂಕು ಅರ್ಧ ಡಿಗ್ರಿ ಬಲಕ್ಕೆ ಮುಖ ಮಾಡುತ್ತದೆ, ಗಾಡಿಯ ಹಿಂಭಾಗ ಬಲಕ್ಕೆ ಸರಿಯುತ್ತದೆ, ಮೂತಿ ಎಡಕ್ಕೆ ಹೊರಳುತ್ತದೆ. ಹೀಗೆ ಮೂತಿ ಯಾವಾಗಲೂ ಟೋ-ಇನ್ ಹೆಚ್ಚಿರುವ ಬದಿಗೆ ಹೋಗುತ್ತದೆ. ವೇಗ ಏರುವಾಗ ಭಾರ ಹಿಂದಕ್ಕೆ ಬೀಳುವುದರಿಂದ ಪರಿಣಾಮವೂ ಹೆಚ್ಚುತ್ತದೆ. ಟೋ ಬದಲಿಸಲು ಹಿಂಜ್ ಪಿನ್ನಿನ (ಆರ್ಮ್ ಆಡುವ ಕೀಲಿನ ಕಂಬಿ) ತುದಿಗಳಲ್ಲಿ ಕೂರಿಸುವ ಸಣ್ಣ ಪ್ಲಾಸ್ಟಿಕ್ ಗುಂಡಿಗಳುಳ್ಳ ಗಾಡಿಯಾದರೆ ಮೊದಲು ಅವನ್ನೇ ನೋಡಿ. ಅವುಗಳ ಮೇಲಿನ ಚುಕ್ಕೆ ಗುರುತು ಎಡಬಲಗಳಲ್ಲಿ ಕನ್ನಡಿ ಪ್ರತಿಬಿಂಬದಂತೆ ಇರಬೇಕು. ಜೋಡಿಸುವಾಗ ಎರಡನ್ನೂ ಒಂದೇ ದಿಕ್ಕಿಗೆ ಇಟ್ಟುಬಿಡುವುದು ಬಹಳ ಸುಲಭ. ಬಾಗಿದ ಹಿಂಜ್ ಪಿನ್ನನ್ನು ಗಾಜಿನ ಮೇಲೆ ಉರುಳಿಸಿದರೆ ಸಾಕು, ಅದರ ಓಲಾಟ ಕಣ್ಣಿಗೆ ಕಾಣುತ್ತದೆ.

ಟೈರುಗಳದು ಮತ್ತೊಂದು ಬಗೆ. ಹಿಂದಿನ ಎರಡು ಟೈರುಗಳು ಒಂದೇ ಜೋಡಿಯವೇ, ಎರಡೂ ಒಂದೇ ಮಟ್ಟಕ್ಕೆ ಸವೆದಿವೆಯೇ, ರಿಮ್ಮಿಗೆ ಅಂಟಿಸಿದ ಅಂಟು ಸುತ್ತಲೂ ಹಿಡಿದಿದೆಯೇ ಎಂದು ಹೆಬ್ಬೆರಳಿನಿಂದ ಅಂಚನ್ನು ಎಳೆದು ನೋಡಬೇಕು. ಡಿಫರೆನ್ಷಿಯಲ್ ಬಿಗಿಯಾಗಿದ್ದಷ್ಟೂ ಎರಡೂ ಚಕ್ರಗಳು ಒಂದೇ ವೇಗದಲ್ಲಿ ತಿರುಗಲು ಹವಣಿಸುತ್ತವೆ. ಆಗ ದೊಡ್ಡ ಟೈರು ಹೆಚ್ಚು ದೂರ ಸಾಗಿ ಗಾಡಿಯನ್ನು ಸಣ್ಣ ಟೈರಿನ ಬದಿಗೆ ತಿರುಗಿಸುತ್ತದೆ.

ಡಿಫರೆನ್ಷಿಯಲ್ ಸಡಿಲವಾಗಿದ್ದರೆ ಎರಡೂ ಚಕ್ರಗಳಿಗೆ ಸರಿಸುಮಾರು ಸಮ ತಿರುಚುಬಲ ಹೋಗುತ್ತದೆ. ಬಿಗಿಯಾದರೆ ಹೆಚ್ಚು ಭಾರ ಹೊತ್ತ ಚಕ್ರವೇ ಹೆಚ್ಚು ನೂಕುತ್ತದೆ, ಮೂತಿ ಹಗುರವಾದ ಚಕ್ರದ ಬದಿಗೆ ಹೋಗುತ್ತದೆ. ಆದುದರಿಂದ ಬಿಗಿ ಡಿಫರೆನ್ಷಿಯಲ್ ತಾನಾಗಿ ಎಳೆತವನ್ನು ಹುಟ್ಟಿಸದಿದ್ದರೂ ಬೇರೆಡೆಯ ಸಣ್ಣ ಅಸಮತೆಯನ್ನು ದೊಡ್ಡದು ಮಾಡಿ ತೋರಿಸುತ್ತದೆ. ಬಾಲ್ ಡಿಫರೆನ್ಷಿಯಲ್ (ಒಳಗೆ ಗೇರುಗಳ ಬದಲು ಗೋಲಿಗಳಿರುವುದು) ಇದ್ದರೆ ಸ್ಪರ್ ಗೇರು (ಮೋಟಾರು ತಿರುಗಿಸುವ ದೊಡ್ಡ ಹಲ್ಲುಚಕ್ರ) ಮತ್ತು ಒಂದು ಚಕ್ರವನ್ನು ಅಲುಗದಂತೆ ಹಿಡಿದು ಇನ್ನೊಂದು ಚಕ್ರವನ್ನು ತಿರುಗಿಸಲು ಯತ್ನಿಸಿ. ಡಿಫರೆನ್ಷಿಯಲ್ ಜಾರುವುದಕ್ಕಿಂತ ಮೊದಲು ಸ್ಲಿಪ್ಪರ್ ಕ್ಲಚ್ (ಹೆಚ್ಚು ಒತ್ತಡ ಬಂದಾಗ ಜಾರಿ ಗೇರುಗಳನ್ನು ಕಾಯುವ ಭಾಗ) ಜಾರಬೇಕು. ಸ್ಪರ್ ಗೇರನ್ನು ಬಿಟ್ಟು ಎರಡೂ ಚಕ್ರಗಳನ್ನು ವಿರುದ್ಧ ದಿಕ್ಕಿಗೆ ತಿರುಗಿಸಿದಾಗ ಮರಳು ಸಿಕ್ಕಂತೆ ತಡೆತಡೆದು ತಿರುಗಿದರೆ ಬಿಚ್ಚಿ ತೊಳೆದು, ಡಿಫ್ ಗೋಲಿಗಳಿಗೆ ಸಿಲಿಕೋನ್ ಗ್ರೀಸು, ಬಿಗಿಯುವ ಸ್ಕ್ರೂವಿನ ಒತ್ತಡ ಹೊರುವ ಥ್ರಸ್ಟ್ ಬೇರಿಂಗಿಗೆ ಕಪ್ಪು ಗ್ರೀಸು ಹಚ್ಚಿ ಮರುಜೋಡಿಸಿ. ಈ ಎರಡು ಗ್ರೀಸುಗಳನ್ನು ಅದಲುಬದಲು ಮಾಡಬಾರದು. ಕಪ್ಪು ಗ್ರೀಸು ಗೋಲಿಗಳ ಹಿಡಿತವನ್ನೇ ತಪ್ಪಿಸುತ್ತದೆ.

ತಿರುಚಿದ ಚಾಸಿ

ಇಲ್ಲಿಯವರೆಗೆ ಹೇಳಿದ್ದೆಲ್ಲ ಸರಿಯಿದ್ದೂ ಎಳೆತ ಉಳಿದಿದ್ದರೆ ಗಾಡಿ ತಿರುಚಿಕೊಂಡಿದೆ. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವುದೂ, ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದೂ ಈ ಹಂತವೇ. ಒಂದು ಕಾಲು ಗಿಡ್ಡವಾದ ಮಂಚದಂತೆ ಗಾಡಿಯ ಭಾರ ಒಂದು ಕರ್ಣದ ಎರಡು ಚಕ್ರಗಳ ಮೇಲೆ ಹೆಚ್ಚಾಗಿ ಕೂತಿರುತ್ತದೆ. ಸ್ಪ್ರಿಂಗುಗಳು ಆ ವ್ಯತ್ಯಾಸವನ್ನು ನುಂಗಿಕೊಳ್ಳುವುದರಿಂದ ಬರಿಗಣ್ಣಿಗೆ ಏನೂ ಕಾಣುವುದಿಲ್ಲ.

ನಾಲ್ಕೂ ಶಾಕ್‌ಗಳನ್ನು ತೆಗೆದು, ಆ್ಯಂಟಿ-ರೋಲ್ ಬಾರ್ (ತಿರುವಿನಲ್ಲಿ ಗಾಡಿ ವಾಲುವುದನ್ನು ತಗ್ಗಿಸುವ ಕಂಬಿ) ಇದ್ದರೆ ಅದರ ಕೊಂಡಿಗಳನ್ನು ಕಳಚಿ, ಪ್ರತಿ ಆರ್ಮನ್ನು ಮೇಲೆತ್ತಿ ಬಿಡಿ. ಆರ್ಮ್ ತನ್ನ ಭಾರದಿಂದಲೇ ಕೆಳಗೆ ಬೀಳಬೇಕು. ಅರ್ಧದಲ್ಲಿ ನಿಂತರೆ ಹಿಂಜ್ ಪಿನ್ ಬಾಗಿದೆ, ಇಲ್ಲವೇ ಆರ್ಮಿನ ತೂತು ಬಿಗಿಯಾಗಿದೆ, ಇಲ್ಲವೇ ಕ್ಯಾಂಬರ್ ಕಡ್ಡಿಯ ಬಾಲ್ ಕಪ್ ಕಚ್ಚಿಕೊಂಡಿದೆ. ನಾಲ್ಕೂ ಆರ್ಮ್‌ಗಳು ಒಂದೇ ಹಗುರತೆಯಿಂದ ಬೀಳುವವರೆಗೆ ಮುಂದಿನ ಹೆಜ್ಜೆಗೆ ಹೋಗುವುದು ವ್ಯರ್ಥ.

ಅನಂತರ ಚಾಸಿಯನ್ನು ಸಮತಟ್ಟಾದ ಹಾಸಿನ ಮೇಲೆ ಇಡಬೇಕು. ಮನೆಯಲ್ಲಿ ಇದಕ್ಕೆ ಅಡುಗೆ ಕಟ್ಟೆಯ ಗ್ರಾನೈಟ್‌ಗಿಂತ ಒಳ್ಳೆಯ ಜಾಗ ಸಿಗದು. ದಪ್ಪ ಗಾಜಿನ ತುಂಡೂ ಆಗಬಹುದು. ಮೇಲಿನ ಪಟ್ಟಿ, ಪಕ್ಕದ ಕಾವಲು ಪಟ್ಟಿಗಳು, ಗೇರ್ ಪೆಟ್ಟಿಗೆ, ಮುಂದಿನ ಆರ್ಮ್‌ಗಳನ್ನು ಹಿಡಿಯುವ ಬಲ್ಕ್‌ಹೆಡ್, ಇವುಗಳ ಸ್ಕ್ರೂಗಳನ್ನೆಲ್ಲ ಕಾಲು ಸುತ್ತು ಸಡಿಲಿಸಿ, ಚಾಸಿಯನ್ನು ಹಾಸಿಗೆ ಒತ್ತಿ ಹಿಡಿದು, ಒಂದು ಮೂಲೆಯ ಸ್ಕ್ರೂ ಆದ ಮೇಲೆ ಅದರ ಎದುರು ಮೂಲೆಯದು ಎಂಬಂತೆ ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತಾ ಬನ್ನಿ. ಒಂದು ಸಾಲಿನ ಸ್ಕ್ರೂಗಳನ್ನು ಪೂರ್ತಿ ಬಿಗಿದು ಇನ್ನೊಂದು ಸಾಲಿಗೆ ಹೋದರೆ ಚಾಸಿ ಬಿಗಿಯುವಾಗಲೇ ತಿರುಚಿಕೊಳ್ಳುತ್ತದೆ. ಇಷ್ಟಾದರೂ ನಾಲ್ಕು ಮೂಲೆಗಳಲ್ಲಿ ಒಂದು ಕಟ್ಟೆಗೆ ತಾಗದೆ ಟಕಟಕ ಎಂದರೆ ಚಾಸಿಯೇ ಬಾಗಿದೆ. ಈ ಅವಸ್ಥೆ ಹೊಸದೇನಲ್ಲ. 1984ರಲ್ಲಿ ಬಂದ ಅಸೋಸಿಯೇಟೆಡ್ ಆರ್‌ಸಿ10, ಮರುವರ್ಷ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ನಡೆದ ಮೊದಲ 1/10 ಆಫ್-ರೋಡ್ ವಿಶ್ವ ಚಾಂಪಿಯನ್‌ಶಿಪ್‌ನ ಹಿಂಚಕ್ರ ಚಾಲನೆ ವಿಭಾಗವನ್ನು ಜೇ ಹಾಲ್ಸಿಯ ಕೈಯಲ್ಲಿ ಗೆದ್ದ ಆ ಹೆಸರಾಂತ ಬಗ್ಗಿ, ಅಲ್ಯೂಮಿನಿಯಂ ಚಾಸಿಯದೇ ಆಗಿತ್ತು. ಅಲ್ಯೂಮಿನಿಯಂ ಬಾಗಿದರೆ ಬಾಗಿದಂತೆಯೇ ಉಳಿಯುವುದು ಅದರ ಗುಣ. ಹೊಸ ಚಾಸಿ ಕೊಳ್ಳುವುದೇ ಇದಕ್ಕೆ ಸರಿಯಾದ ಪರಿಹಾರ. ಬಡಿದು ನೆಟ್ಟಗೆ ಮಾಡಿದ ಚಾಸಿಯನ್ನು ನಾನು ನಂಬುವುದಿಲ್ಲ.

ಶಾಕ್‌ಗಳನ್ನು ಮರಳಿ ಹಾಕಿ, ಬ್ಯಾಟರಿಯನ್ನೂ ಅದರ ಜಾಗದಲ್ಲಿಟ್ಟು, ಮೂತಿಯ ಸರಿ ಮಧ್ಯದಲ್ಲಿ ಸ್ಕ್ರೂಡ್ರೈವರಿನ ತುದಿ ಕೊಟ್ಟು ನಿಧಾನವಾಗಿ ಎತ್ತಿ. ಮುಂದಿನ ಎರಡೂ ಚಕ್ರಗಳು ಒಟ್ಟಿಗೆ ಕಟ್ಟೆ ಬಿಡಬೇಕು. ಒಂದು ಮೊದಲೆದ್ದರೆ ಮುಂದಿನ ಶಾಕ್‌ಗಳ ಉದ್ದ ಸಮವಿದೆಯೇ ಅಳೆಯಿರಿ. ಸಮವಿದ್ದರೆ ದೋಷ ಹಿಂಬದಿಯಲ್ಲಿದೆ, ಏಕೆಂದರೆ ಮೂತಿ ಎದ್ದ ಮೇಲೆ ಗಾಡಿ ಎತ್ತ ವಾಲಬೇಕೆಂಬುದನ್ನು ಹಿಂದಿನ ಸ್ಪ್ರಿಂಗುಗಳು ನಿರ್ಧರಿಸುತ್ತವೆ. ಹಿಂಬದಿಯನ್ನು ಎತ್ತಿದಾಗ ಇದೇ ತರ್ಕ ಮುಂಬದಿಗೆ ಅನ್ವಯಿಸುತ್ತದೆ. ಈ ಪರೀಕ್ಷೆಯನ್ನು ಆ್ಯಂಟಿ-ರೋಲ್ ಬಾರಿನ ಕೊಂಡಿ ಬಿಡಿಸಿ ಒಮ್ಮೆ, ಸಿಕ್ಕಿಸಿ ಒಮ್ಮೆ ಮಾಡಿ. ಸಿಕ್ಕಿಸಿದಾಗ ಮಾತ್ರ ವ್ಯತ್ಯಾಸ ಬಂದರೆ ಬಾರ್ ತಿರುಚಿದೆ ಅಥವಾ ಅದರ ಎರಡು ಕೊಂಡಿಗಳ ಉದ್ದ ಬೇರೆಬೇರೆಯಾಗಿದೆ.

ಶಾಕ್‌ಗಳ ಜೋಡಿ

ಶಾಕಿನ ಕಾಲರು (ಸ್ಪ್ರಿಂಗನ್ನು ಒತ್ತಿ ಹಿಡಿಯುವ ಬಳೆ) ಸ್ಪ್ರಿಂಗಿಗೆ ಕೊಡುವ ಒತ್ತಡ, ಅಂದರೆ ಪ್ರೀಲೋಡ್, ಎರಡೂ ಬದಿಗೆ ಸಮವಿದ್ದರೆ ಶಾಕ್‌ಗಳೂ ಸಮ ಎಂದುಕೊಳ್ಳುವುದು ತಪ್ಪು. ಸ್ಪ್ರಿಂಗ್ ಕಳಚಿ, ಶಾಕನ್ನು ಪೂರ್ತಿ ಚಾಚಿ, ಮೇಲಿನ ತೂತಿನಿಂದ ಕೆಳಗಿನ ಬಾಲ್ ಕಪ್‌ವರೆಗೆ ಅಳೆಯಬೇಕು. ಅರ್ಧ ಮಿಲಿಮೀಟರಿನ ವ್ಯತ್ಯಾಸವನ್ನೂ ಉಳಿಸಿಕೊಳ್ಳಬಾರದು. ಕಪ್ಪನ್ನು ಶಾಫ್ಟಿನ ಮೇಲೆ ಒಂದು ಸುತ್ತು ತಿರುಗಿಸಿದರೆ ಸರಿಹೋಗುತ್ತದೆ. ಆಮೇಲೆ ಜೋಡಿಯ ಎರಡೂ ಶಾಕ್‌ಗಳನ್ನು ಎರಡು ಕೈಗಳಲ್ಲಿ ಅಡ್ಡ ಹಿಡಿದು, ಬಾಲ್ ಕಪ್‌ಗಳನ್ನು ಮುಖಾಮುಖಿ ತಾಗಿಸಿ, ಒಂದೇ ಸಮ ಒತ್ತಿ. ಎರಡೂ ಶಾಫ್ಟುಗಳು ಒಂದೇ ವೇಗದಲ್ಲಿ ಒಳಗೆ ಹೋಗಿ, ಬಿಟ್ಟಾಗ ಒಂದೇ ಪ್ರಮಾಣದಲ್ಲಿ ಹೊರಬರಬೇಕು. ಒಂದು ಮೊದಲು ಪೂರ್ತಿ ಮುಳುಗಿ ಇನ್ನೊಂದು ಹಿಂದೆ ಉಳಿದರೆ ಒಂದರಲ್ಲಿ ಎಣ್ಣೆ ಕಡಿಮೆಯಿದೆ, ಗಾಳಿ ಸೇರಿದೆ, ಅಥವಾ ಒ-ರಿಂಗ್ ಹರಿದಿದೆ. ಶಾಫ್ಟಿನ ಬುಡದಲ್ಲಿ ಕೆಸರಿನ ಉಂಗುರ ಕಟ್ಟಿದ್ದರೆ ಎಣ್ಣೆ ಸೋರುತ್ತಿರುವುದು ಖಚಿತ. ಎಣ್ಣೆಯನ್ನು ಗಾಳಿಯಿಂದ ಬೇರ್ಪಡಿಸುವ ರಬ್ಬರ್ ಬ್ಲ್ಯಾಡರ್ ಇರುವ ಶಾಕ್‌ನಲ್ಲಿ ಪಿಚಕ್ ಎಂಬ ಸದ್ದು ಬಂದರೆ ಒಳಗೆ ಗಾಳಿಯಿದೆ. ಗಾಳಿ ಮತ್ತು ಎಣ್ಣೆ ಬೆರೆಯುವಂತೆಯೇ ರಚಿಸಿದ ಶಾಕ್‌ಗಳಲ್ಲಾದರೆ ಆ ಸದ್ದು ಸಹಜ. ಅವನ್ನು ಹತ್ತಾರು ಬಾರಿ ಒತ್ತಿ ಬಿಟ್ಟು ಎಣ್ಣೆ ನೊರೆಯಾದ ಮೇಲೆಯೇ ಹೋಲಿಸಬೇಕು.

ಹೊಸ ಎಣ್ಣೆ ತುಂಬುವಾಗ ಪಿಸ್ಟನ್ನನ್ನು ಎಣ್ಣೆಯ ಮಟ್ಟದ ಕೆಳಗೇ ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ಗುಳ್ಳೆಗಳು ಏರಿ ಒಡೆಯುವವರೆಗೆ ಶಾಕನ್ನು ನೆಟ್ಟಗೆ ನಿಲ್ಲಿಸಿ ಕಾಯಬೇಕು. ಜೋಡಿಯ ಎರಡನ್ನೂ ಒಂದೇ ಹೊತ್ತಿನಲ್ಲಿ, ಒಂದೇ ಬಾಟಲಿಯಿಂದ, ಶಾಫ್ಟನ್ನು ಒಂದೇ ಎತ್ತರಕ್ಕೆ ಇಟ್ಟು ಮುಚ್ಚಳ ಹಾಕಿ ಮುಗಿಸಿದರೆ ಅರ್ಧ ಕೆಲಸ ತಾನಾಗಿ ಸರಿಯಾಗುತ್ತದೆ.

ಎಡಬಲ ಸಮವಾದ ಮೇಲೆ

ಈಗ ಮಾತ್ರ ಸೆಟಪ್‌ಗೆ ಕೈ ಹಾಕಬೇಕು, ಅದೂ ಅನುಕ್ರಮದಲ್ಲಿ: ಮೊದಲು ನೆಲದಿಂದ ಚಾಸಿಯ ಎತ್ತರ, ಬಳಿಕ ಕ್ಯಾಂಬರ್, ಕೊನೆಗೆ ಮುಂದಿನ ಟೋ. ಎತ್ತರ ಬದಲಾದರೆ ಉಳಿದೆರಡೂ ಬದಲಾಗುವುದರಿಂದ ಈ ಕ್ರಮವನ್ನು ತಿರುವುಮುರುವು ಮಾಡುವಂತಿಲ್ಲ. ಬ್ಯಾಟರಿ ಸಹಿತ ಗಾಡಿಯನ್ನು ಸುಮಾರು 15 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಅದು ತಾನಾಗಿ ನಿಂತ ಮಟ್ಟವನ್ನು ಅಳೆಯಿರಿ. ಉಬ್ಬುತಗ್ಗಿನ ಮಣ್ಣಿನ ಟ್ರ್ಯಾಕಿಗೆ 22 ಮಿಲಿಮೀಟರಿನ ಆಸುಪಾಸು ಒಳ್ಳೆಯ ಆರಂಭ. ಕ್ಯಾಂಬರ್ ಒಳಕ್ಕೆ 1ರಿಂದ 2 ಡಿಗ್ರಿ, ಮುಂದಿನ ಟೋ ಸೊನ್ನೆಯಿಂದ 1 ಡಿಗ್ರಿ ಹೊರಕ್ಕೆ ಇಟ್ಟು ಓಡಿಸಿ ನೋಡಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬ್ಯಾಟರಿ ತನ್ನ ತಟ್ಟೆಯಲ್ಲಿ ಅಲುಗಾಡದಂತೆ ಫೋಮ್ ತುಂಡು ಇಟ್ಟಿರಬೇಕು. ತಿರುವಿನಲ್ಲಿ ಅದು ಒಂದು ಬದಿಗೆ ಸರಿದು ಅಲ್ಲೇ ಉಳಿದರೆ ಇಷ್ಟು ಕಷ್ಟಪಟ್ಟು ಸಮಗೊಳಿಸಿದ ಭಾರ ಮತ್ತೆ ಕೆಡುತ್ತದೆ.

ಶಾಕ್ ಎಣ್ಣೆಯನ್ನು ಆರಿಸುವಾಗ ಊರಿನ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಾಟಲಿಯ ಮೇಲೆ ಬರೆದ ಸೆಂಟಿಸ್ಟೋಕ್ (ಎಣ್ಣೆಯ ದಪ್ಪದ ಅಳತೆ) ಸಂಖ್ಯೆ ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸ್ಸಿನದು. ಅದೇ ಸಿಲಿಕೋನ್ ಎಣ್ಣೆ 40 ಡಿಗ್ರಿಯಲ್ಲಿ ತನ್ನ ದಪ್ಪದ ಸುಮಾರು ಕಾಲುಭಾಗವನ್ನು ಕಳೆದುಕೊಳ್ಳುತ್ತದೆ. ಬೆಂಗಳೂರಿನ ಡಿಸೆಂಬರಿನ ಬೆಳಗಿಗೆ ಹೊಂದಿಸಿದ 350ರ ಎಣ್ಣೆಯನ್ನು ರಾಯಚೂರಿನ ಏಪ್ರಿಲ್ ಮಧ್ಯಾಹ್ನಕ್ಕೆ ಒಯ್ದರೆ ಗಾಡಿ ಪ್ರತಿ ಜಿಗಿತದ ಕೊನೆಯಲ್ಲೂ ಚಾಸಿಯನ್ನು ನೆಲಕ್ಕೆ ಬಡಿಯುತ್ತದೆ. ಅಲ್ಲಿ 450ರಿಂದ ಆರಂಭಿಸುವುದು ಸೂಕ್ತ. ಹಾಗೆ ಬದಲಿಸಿದ ಮೇಲೂ ಜೋಡಿ ಶಾಕ್‌ಗಳನ್ನು ಮುಖಾಮುಖಿ ಒತ್ತಿ ನೋಡುವ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಆಮೇಲೆ ಟ್ರ್ಯಾಕಿಗೆ ಇಳಿಸಿ.